ಬೀದರದ ದಂಡೂ ಹಾಯಿಹಡಗೂ
(ಬೀದರದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಬೀದರದಲ್ಲಿ ನಿಂತು ಕಡಲಿನ ಮಾತನ್ನಾಡುವದು ತಮಗೆ ವಿನೋದವಾಗಿ ತೋರಬಹುದು. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಕಾರಂಜಾ, ಮಾಂಜರಾ. ಆದರೆ ಈ ಕೋಟೆಯನ್ನು ಕಾದ ಕುದುರೆಗಳೂ ಅವನ್ನೇರಿದ ಸವಾರರಲ್ಲಿ ಅನೇಕರೂ ಹಾಯಿಹಡಗಿನಿಂದ ಇಳಿದು ಬಂದವರೆಂಬುದನ್ನು ಪಾಠ ಹೇಳುವಾಗ ನಾವು ಮರೆಯುತ್ತೇವೆ. ಬಹಮನಿ ಸುಲ್ತಾನರು ಪಾರಸಿಕ, ತುರ್ಕ, ಅರಬ ಯೋಧರನ್ನು ಕಡಲಾಚೆಯಿಂದ ಬರಮಾಡಿಕೊಂಡರು. ಮಹಮೂದ ಗಾವಾನನೂ ವ್ಯಾಪಾರಿಯಾಗಿ ದಾಭೋಳ ಬಂದರದಲ್ಲಿ ಇಳಿದವನೇ. ಇವರೆಲ್ಲರೂ ದಡ ಮುಟ್ಟಿದವರು. ಮುಟ್ಟದವರ ಗತಿಯನ್ನು ಕುರಿತು ಇಂದು ನಾಲ್ಕು ಮಾತು.

ಆ ಹಡಗುಗಳಾದರೂ ಎಂಥವು? 13ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರ್ಮುಜ್ ಬಂದರವನ್ನು ಕಂಡ ಮಾರ್ಕೊ ಪೋಲೊ ಅವು ಬಹು ಕೆಟ್ಟವೆಂದೂ ಅವುಗಳಲ್ಲಿ ಅನೇಕವು ನಾಶವಾಗುತ್ತವೆಂದೂ ಬರೆದಿದ್ದಾನೆ. ಹಲಗೆಗಳಿಗೆ ಕಬ್ಬಿಣದ ಮೊಳೆಯಿಲ್ಲ. ತೆಂಗಿನ ನಾರಿನ ಹುರಿಯ ಹೊಲಿಗೆ. ಒಂದೇ ಕೂವೆಮರ, ಒಂದೇ ಹಾಯಿ, ಒಂದೇ ಚುಕ್ಕಾಣಿ. ಸರಕಿನ ಮೇಲೆ ತೊಗಲು ಹೊದಿಸಿ, ಆ ತೊಗಲಿನ ಮೇಲೆ ಭಾರತಕ್ಕೆ ಮಾರಲೊಯ್ಯುವ ಕುದುರೆಗಳನ್ನು ನಿಲ್ಲಿಸುತ್ತಿದ್ದರಂತೆ!

ಕುದುರೆಗೆ ವಾಂತಿ ಮಾಡಿಕೊಳ್ಳಲು ಬಾರದು. ಕಡಲ ಓಲಾಟದ ಸಂಕಟವನ್ನೆಲ್ಲ ಅದು ಹೊಟ್ಟೆಯಲ್ಲಿಯೇ ನುಂಗಬೇಕು. ದಿನಕ್ಕೊಂದಕ್ಕೆ 30 ಲೀಟರು ನೀರೆಂದು ಹಿಡಿದರೆ, 20 ಕುದುರೆಗಳಿಗೆ 40 ದಿನಗಳಲ್ಲಿ 24,000 ಲೀಟರು ಬೇಕಾಯಿತು. ಗಣಿತದ ಮಾಸ್ತರರು ಬೇಕಾದರೆ ತಾಳೆ ನೋಡಲಿ. ನಡುಗಡಲಿನಲ್ಲಿ ಗಾಳಿ ಬಿದ್ದುಹೋದರೆ ಯಾರ ಪಾಲನ್ನು ಕಡಿಯುವದು? ಕುದುರೆಯದನ್ನೋ, ಸವಾರನದನ್ನೋ? ಕುದುರೆಯಿಲ್ಲದೆ ಇಳಿದ ಸವಾರನಿಗೆ ಬೀದರದಲ್ಲಿ ಬೆಲೆಯೇನು? ಬಿರುಗಾಳಿಗಿಂತ ಗಾಳಿಯಿಲ್ಲದಿರುವದೇ ಹೆಚ್ಚು ಕ್ರೂರವೆಂದು ನನಗೆ ತೋರುತ್ತದೆ.

ಇನ್ನು ಮಳೆಗಾಲ. ಜೂನ್ ತಿಂಗಳಿನಿಂದ ನೈಋತ್ಯದ ಗಾಳಿಯು ಹಡಗನ್ನು ಕೊಂಕಣದ ಬಂಡೆಗಳತ್ತಲೇ ನೂಕುತ್ತದೆ; ಅದಕ್ಕೆದುರಾಗಿ ಹೊರಳುವ ಶಕ್ತಿ ಹೊಲಿದ ಹಲಗೆಗಿಲ್ಲ. ಹೊತ್ತು ತಪ್ಪಿ ಹೊರಟವನು ಕೆಟ್ಟನು.

1470ರ ಆಸುಪಾಸಿನಲ್ಲಿ ಬೀದರಕ್ಕೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯೊಡನೆಯೇ ಹಡಗೇರಿದವನು. ಚೌಲ ಬಂದರವನ್ನು ಮುಟ್ಟಲು ಆರು ವಾರ ಹಿಡಿಯಿತು. ಮರಳುವಾಗಲಾದರೋ ದಾಭೋಳದಿಂದ ಹೊರ್ಮುಜಿಗೆ ಹೊರಟ ಹಡಗು ದಿಕ್ಕುಗೆಟ್ಟು ಇಥಿಯೋಪಿಯದ ಕರಾವಳಿಯನ್ನು ಸೇರಿತು! ಅಲ್ಲಿಯವರಿಗೆ ಅಕ್ಕಿ, ಮೆಣಸು, ರೊಟ್ಟಿಗಳನ್ನು ಕೊಟ್ಟು ಲೂಟಿಯಿಂದ ಪಾರಾದರು.

ಗಾವಾನನಿಗೆ ಕಡಲಿನ ಸ್ವಭಾವ ತಿಳಿದಿತ್ತು. 1472ರಲ್ಲಿ ವಿಜಯನಗರದವರಿಂದ ಗೋವೆಯನ್ನು ಗೆದ್ದಾಗ ಅವನು 120 ಹಡಗುಗಳನ್ನು ಸಮುದ್ರದ ಕಡೆಯಿಂದ ಕಳಿಸಿದನೆಂದು ಫೆರಿಸ್ತಾ ಹೇಳುತ್ತಾನೆ; ತಾನು ಮಾತ್ರ ದಂಡಿನೊಡನೆ ನೆಲದ ದಾರಿ ಹಿಡಿದನು. ಇದನ್ನು ಅಂಜಿಕೆಯೆನ್ನಲಾಗದು. ಸರ್ವಸ್ವವನ್ನೂ ಒಂದೇ ಹಡಗಿನಲ್ಲಿ ತುಂಬದ ವ್ಯಾಪಾರಿಯ ಬುದ್ಧಿಯದು.

1481ರಲ್ಲಿ ಆ ಮಂತ್ರಿಯನ್ನು ಅವನ ಒಡೆಯನೇ ಕೊಲ್ಲಿಸಿದನು. ಬಳಿಕ ಕರಾವಳಿಯಲ್ಲಿ ಬಹಾದುರ ಗೀಲಾನಿಯು ಬೀದರಕ್ಕೆ ತಿರುಗಿಬಿದ್ದು ಗುಜರಾತದ ಹಡಗುಗಳನ್ನು ದೋಚತೊಡಗಿದನು. ಅವನನ್ನು ಅಡಗಿಸಲು ಗುಜರಾತದ ಸುಲ್ತಾನ ಮಹಮೂದ ಬೇಗಡಾ ನೆಲದಿಂದೊಂದು, ಜಲದಿಂದೊಂದು ದಂಡನ್ನು ಕಳಿಸಿದನು. ಜಲದ ದಂಡು ಮಾಹಿಮದ ಬಳಿ ಬಿರುಗಾಳಿಗೆ ಸಿಕ್ಕಿತು. ಹಡಗುಗಳು ಒಡೆದುವು, ದಡಕ್ಕೆ ಬಂದವರು ಗೀಲಾನಿಯ ಜನರ ಕತ್ತಿಗೆ ಬಲಿಯಾದರು, ನಾಯಕನಾದ ಸಫ್ದರ್-ಉಲ್-ಮುಲ್ಕನು ಸೆರೆಯಾದನು. ಒಂದು ಬಾಣ ಬಿಡುವ ಮೊದಲೇ ಯುದ್ಧ ತೀರಿತು. ಕೊನೆಗೆ ಬೀದರದ ದಂಡು ಕಾಲುದಾರಿಯಲ್ಲೇ ನಡೆದು ಹೋಗಬೇಕಾಯಿತು. 1494ರಲ್ಲಿ ಗೀಲಾನಿಯು ಮಡಿದ ಮೇಲೆ ಸೆರೆಯಾಳು ನಾಯಕನನ್ನು ಗುಜರಾತಕ್ಕೆ ಮರಳಿ ಕಳಿಸಿದರು. ಅವನ ಹಡಗುಗಳಲ್ಲಿ ಹೊರಟಿದ್ದ ಸಾಮಾನ್ಯ ಸಿಪಾಯಿಗಳು ಮಾಹಿಮದ ಮರಳಿನಲ್ಲಿಯೇ ಉಳಿದರು.