ಮನೆಗೆಲಸದವರ ಉಡುಪು

ಬ್ರೂಸ್‌ಪೇಟೆಯಲ್ಲಿ ಬೆಳಗಿನ ಹೊತ್ತು ಮನೆಗೆಲಸಕ್ಕೆ ಬರುವ ಹೆಂಗಸರನ್ನು ತಾವು ದಿನವೂ ನೋಡುತ್ತೀರಿ. ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿದರೆ ಕೆಲಸದ ಉಡುಪು ಸಿದ್ಧವಾಯಿತು. ಮುಸುರೆ ತಿಕ್ಕಿ ನೆಲ ಸಾರಿಸುವ ಕೆಲಸವೇ ಅದನ್ನು ಕಲಿಸಿದೆ. ಆದರೂ ಆಕೆ ಏನುಡಬೇಕೆಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬರೆಯದ ಕಾನೂನೊಂದು ಉಂಟು. ಹರಕು ಸೀರೆಯಲ್ಲಿ ಬಂದರೆ, "ನೆಂಟರೆದುರಿಗೆ ಹಿಂಗ ಬರಬ್ಯಾಡ" ಎನ್ನುತ್ತೇವೆ. ಒಂದು ದಿನ ಒಳ್ಳೆಯ ಸೀರೆಯುಟ್ಟು ಹೂ ಮುಡಿದು ಬಂದಳೋ, "ಏನವ್ವಾ, ಯಾರ ಮದುವಿಗೆ ಹೊಂಟಿ?" ಎನ್ನುತ್ತೇವೆ. ಇವೆರಡರ ನಡುವಿನ ಸೀರೆ ಯಾವುದೋ, ನಾವು ಹೇಳಿಲ್ಲ, ಆಕೆ ತಿಳಿಯಳು.

ಬಳ್ಳಾರಿಗೆ ಸಮವಸ್ತ್ರ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಇದು ದಂಡಿನ ಊರು. ಅಂದಿನ ದೊರೆಗಳ ಬಂಗಲೆಯೆಂದರೆ ಬಟ್ಲರನಿಗೆ ಬಿಳಿಯ ಕೋಟು, ರುಮಾಲು, ನಡುಪಟ್ಟಿ. ಜವಾನನಿಗೆ ಹಿತ್ತಾಳೆ ಬಿಲ್ಲೆಯ ಡವಾಲಿ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಕೋಟು ತೊಟ್ಟು ಬಡಿಸುವವನ ಪಾಡೇನು! ಅದೆಲ್ಲ ಒಡೆಯನ ಠೀವಿಗಾಗಿ.

ಈಗಲೂ ಕೆಲವು ಮನೆಗಳಲ್ಲಿ, ಮಗುವನ್ನು ನೋಡಿಕೊಳ್ಳುವಾಕೆಗೆ ಸಮವಸ್ತ್ರ ಹೊಲಿಸುವುದುಂಟು. ಅದನ್ನು ನಾನು ಪೂರಾ ಅಲ್ಲಗಳೆಯಲಾರೆ. ಸಾಬೂನು ನೀರಿಗೂ ಎಣ್ಣೆ ಜಿಡ್ಡಿಗೂ ಆಕೆಯ ಸ್ವಂತ ಸೀರೆಯೇ ಬಲಿಯಾಗುತ್ತದೆಯಷ್ಟೆ? ಒದ್ದೆ ಅಂಚಿನಲ್ಲೇ ಆಕೆ ನಾಲ್ಕು ಮನೆ ಸುತ್ತಬೇಕು. ಆದರೆ ಬಟ್ಟೆಯ ಖರ್ಚು ಯಾರದು? 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನೂ, ಅದರೊಡನೆ 201ನೆಯ ಶಿಫಾರಸನ್ನೂ ಅಂಗೀಕರಿಸಿತು. ಕೆಲಸಕ್ಕೆಂದೇ ಕೊಡುವ ಸಮವಸ್ತ್ರ, ಅದನ್ನು ಒಗೆದು ಇಡುವ ವೆಚ್ಚ, ಇವನ್ನು ಸಂಬಳದಲ್ಲಿ ಮುರಿದುಕೊಳ್ಳಬಾರದೆಂದು ಆ ಶಿಫಾರಸು ಹೇಳುತ್ತದೆ. ಭಾರತ ಒಡಂಬಡಿಕೆಯನ್ನು ಇನ್ನೂ ಸ್ಥಿರೀಕರಿಸಿಲ್ಲ. ಕರ್ನಾಟಕವಾದರೋ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು.

ಇನ್ನು ನಮ್ಮ ಹಳೆಯ ಸೀರೆಯ ಲೆಕ್ಕ. ಸಂಬಳ ಏರಿಸಿರೆಂದು ಕೇಳಿದೊಡನೆ, "ಮೊನ್ನೆ ಸೀರೆ ಕೊಟ್ಟಿದ್ದೆನಲ್ಲ" ಎಂಬ ಮಾತು ಬರುತ್ತದೆ. ಉಟ್ಟು ಬಿಟ್ಟ ಸೀರೆ ಪ್ರೀತಿಯಿಂದ ಕೊಟ್ಟದ್ದಾದರೆ ಉಡುಗೊರೆ. ಅದನ್ನು ಕೂಲಿಗೆ ಜಮೆ ಹಿಡಿಯಲಾಗದು. ಯುಗಾದಿಗೆ ಕೊಡುವ ಹೊಸ ಸೀರೆಯೂ ಆಕೆಯ ಹಬ್ಬಕ್ಕೆ, ನಮ್ಮ ಬಚ್ಚಲಿಗಲ್ಲ.

ಕೆಲಸದ ಬಟ್ಟೆ ಬೇಕೆಂದು ತಮಗೆ ತೋರಿದರೆ ಮೊದಲು ಆಕೆಯನ್ನೇ ಕೇಳಿರಿ. ಒಪ್ಪಿದರೆ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗೆ ಜೊತೆಯಲ್ಲಿ ಕರೆದೊಯ್ಯಿರಿ. ಬಣ್ಣವನ್ನು ಆಕೆ ಆರಿಸಲಿ. ಹತ್ತಿಯದೇ ಇರಲಿ, ಒಂದು ಒಗೆದಾಗ ಉಡಲು ಇನ್ನೊಂದು ಬೇಕು. ಒಗೆಯಲು ಸಾಬೂನು ತಮ್ಮದು. ಬದಲಾಯಿಸಲು ಅಗುಳಿಯಿರುವ ಕೋಣೆ, ಸ್ವಂತ ಸೀರೆಯನ್ನು ತೂಗುಹಾಕಲು ಗೋಡೆಯಲ್ಲೊಂದು ಗೂಟ, ಇವೂ ಆ ಲೆಕ್ಕಕ್ಕೆ ಸೇರಿದವು.