ಮನೆಯೊಳಗಿನ ವೈಫೈ ಕೈಕೊಟ್ಟಾಗ



ಈ ದಿನ ನಾನು ಬೀಜ ಗೊಬ್ಬರದ ವಿಚಾರ ಹೇಳಲು ಬಂದವನಲ್ಲ. ಲ್ಯಾಪ್‌ಟಾಪಿನ ವಿಚಾರವಾಗಿ ನಾಲ್ಕು ಮಾತು ಆಡೋಣವೆಂದು ಬಂದಿದ್ದೇನೆ. "ಲ್ಯಾಪ್‌ಟಾಪಿಗೂ ನಮ್ಮ ಹೊಲಕ್ಕೂ ಏನಪ್ಪಾ ಸಂಬಂಧ?" ಅಂತ ಹಿರಿಯರು ಕೇಳಬಹುದು. ಪಹಣಿ ತೆಗೆಯುವುದು, ಬೆಳೆ ವಿಮೆಯ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನ, ಕಾಲೇಜಿನ ಸೀಟು, ಇಷ್ಟೂ ಈಗ ಇಂಟರ್ನೆಟ್ಟಿನ ಮೂಲಕ ನಡೆಯುವ ಕೆಲಸಗಳು. ಒಂದೊಂದಕ್ಕೂ ಕೊನೇ ತಾರೀಕು ಅಂತ ಒಂದಿರುತ್ತದೆ. ಆ ತಾರೀಕಿನ ಸಂಜೆ ಮನೆಯ ವೈಫೈ ಕೈಕೊಟ್ಟರೆ, ಹದ ಮಳೆ ಬಿದ್ದ ದಿನವೇ ಎತ್ತು ಕುಂಟಿದ ಹಾಗೆ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಮ್ಮದು ಅರಸೀಕೆರೆ ಕಡೆ, ತೆಂಗು ರಾಗಿ ನಂಬಿದ ಮನೆ. ತಮ್ಮನ ಮಗಳು ಸಿಇಟಿ ಬರೆದಿದ್ದಳು. ಬಿ.ಎಸ್‌ಸಿ. ಕೃಷಿ ಓದಬೇಕೆಂದು ಅವಳ ಆಸೆ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ಲ್ಯಾಪ್‌ಟಾಪಿನಲ್ಲಿ ಆಯ್ಕೆ ಪಟ್ಟಿ ತುಂಬುವ ಕೆಲಸ. ಎರಡು ದಿನದಿಂದ ಕೂತಿದ್ದಾಳೆ, ಹತ್ತು ನಿಮಿಷ ಬಂದರೆ ಐದು ನಿಮಿಷ ಹೋಗುತ್ತೆ. "ದೊಡ್ಡಪ್ಪಾ, ಮತ್ತೆ ಹೋಯ್ತು!" ಅಂತ ಮಹಡಿಯಿಂದ ಕೂಗುತ್ತಾಳೆ. ತಮ್ಮ ಲೈನಿನವರನ್ನು ಬೈದ. ನಾನು ಲ್ಯಾಪ್‌ಟಾಪೇ ಕೆಟ್ಟಿದೆ ಅಂದೆ. ಪೇಟೆಗೆ ಹೊತ್ತುಕೊಂಡು ಹೋಗಿ ಅಂಗಡಿಯವನಿಗೆ ಎಂಟುನೂರು ರೂಪಾಯಿ ಕೊಟ್ಟೂ ಬಂದೆವು. ಅಲ್ಲಿ ಚೆನ್ನಾಗಿಯೇ ನಡೆಯಿತು. ಮನೆಗೆ ತಂದರೆ ಅದೇ ಹಾಡು. ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಪಟ್ಟಿ ತುಂಬಲು ಉಳಿದದ್ದು ಒಂದೇ ರಾತ್ರಿ.

ನಾವು ಮಾಡಿದ ತಪ್ಪು ಏನೆಂದರೆ, ಎಲ್ಲಿ ಕಡಿಯುತ್ತಿದೆ ಅಂತ ನೋಡದೆ ಔಷಧಿ ಮಾಡಲು ಹೊರಟದ್ದು. ಹನಿ ನೀರಾವರಿ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಗಿಡದ ಬುಡಕ್ಕೆ ನೀರು ಬಂದಿಲ್ಲ ಅನ್ನಿ. ಕೊಳವೆ ಬಾವಿಯಿಂದ ತೊಟ್ಟಿಗೆ ನೀರು ಬಂದಿಲ್ಲವೋ, ತೊಟ್ಟಿ ತುಂಬಿದ್ದೂ ಅಲ್ಲಿಂದ ಗಿಡಕ್ಕೆ ಹೋಗುವ ಪೈಪು ಕಟ್ಟಿದೆಯೋ? ಮೊದಲು ತೊಟ್ಟಿ ಇಣುಕಿ ನೋಡುತ್ತೀರಿ ತಾನೆ? ಇಲ್ಲಿ ತೊಟ್ಟಿ ಅಂದರೆ ಮನೆಯಲ್ಲಿರುವ ವೈಫೈ ಪೆಟ್ಟಿಗೆ, ಅಂದರೆ ರೂಟರು. ಹೊರಗಿನಿಂದ ಪೆಟ್ಟಿಗೆಯವರೆಗೆ ಒಂದು ದಾರಿ. ಅದು ಸಾಮಾನ್ಯವಾಗಿ ಗಾಜಿನೆಳೆಯ ಕೇಬಲ್ಲು. ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಇನ್ನೊಂದು ದಾರಿ. ಅದು ಗಾಳಿಯಲ್ಲಿ ಹೋಗುವ ರೇಡಿಯೋ ಅಲೆ. ವೈಫೈ ಅನ್ನುವುದು ಈ ಎರಡನೇ ದಾರಿಗೆ ಮಾತ್ರ ಹೆಸರು. ಜನ ಎರಡನ್ನೂ ಸೇರಿಸಿ "ನೆಟ್ಟು ಹೋಯ್ತು" ಅಂದುಬಿಡುತ್ತಾರೆ. ಗೊಂದಲವೆಲ್ಲ ಅಲ್ಲೇ ಶುರು.

ತೊಟ್ಟಿ ಇಣುಕುವುದು ಹೇಗೆ? ಲ್ಯಾಪ್‌ಟಾಪಿನಲ್ಲಿ ಹೋದ ಹೊತ್ತಿಗೇ, ಅದೇ ವೈಫೈ ಹಿಡಿದಿರುವ ಮೊಬೈಲನ್ನು ಪೆಟ್ಟಿಗೆಯ ಪಕ್ಕದಲ್ಲಿ ನಿಂತು ನೋಡಿ. ಮೊಬೈಲಿನ ಸ್ವಂತ ಡೇಟಾ ಆರಿಸಿರಬೇಕು, ಇಲ್ಲದಿದ್ದರೆ ಅದು ನಿಮ್ಮನ್ನು ಮೋಸಮಾಡುತ್ತದೆ. ಅಲ್ಲೂ ಇಲ್ಲದಿದ್ದರೆ ತಪ್ಪು ಪೆಟ್ಟಿಗೆಯಲ್ಲಿ ಅಥವಾ ಅದರಾಚೆ. ಅಲ್ಲಿ ಸರಾಗವಾಗಿ ಬಂದರೆ ತಪ್ಪು ಮನೆಯೊಳಗೆ.

ಇನ್ನೂ ಖಚಿತವಾದ ಪರೀಕ್ಷೆ ಒಂದಿದೆ. ಓದುವ ಮಕ್ಕಳು ಕಿವಿಗೊಟ್ಟು ಕೇಳಲಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಹಲಗೆ ಇದೆ. ಅದನ್ನು ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು ಪೆಟ್ಟಿಗೆಯ ವಿಳಾಸ ಬರೆಯಿರಿ. ಆ ವಿಳಾಸ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ, ಹೆಚ್ಚಾಗಿ 192.168.1.1 ಅಥವಾ 192.168.0.1. ಲ್ಯಾಪ್‌ಟಾಪು ಪೆಟ್ಟಿಗೆಯನ್ನು ನಾಲ್ಕು ಸಾರಿ ಕೂಗುತ್ತದೆ, ಪೆಟ್ಟಿಗೆ ಓಗೊಟ್ಟದ್ದನ್ನು ಬರೆದು ತೋರಿಸುತ್ತದೆ. ಕೊನೆಯಲ್ಲಿ ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಟಿ ಅಕ್ಷರ ಬರೆದರೆ, ನೀವು ನಿಲ್ಲಿಸುವವರೆಗೂ ಕೂಗುತ್ತಲೇ ಇರುತ್ತದೆ. ನಿಲ್ಲಿಸಲು ಕಂಟ್ರೋಲ್ ಗುಂಡಿಯ ಜೊತೆ ಸಿ ಒತ್ತಬೇಕು. ಆಗಾಗ ಬಂದು ಹೋಗುವ ರೋಗಕ್ಕೆ ಈ ಬಿಡದ ಕೂಗೇ ಸರಿ. ಹಾಗೆಯೇ ಇನ್ನೊಂದು ಹಲಗೆ ತೆರೆದು 8.8.8.8 ಎಂಬ ಹೊರಗಿನ ವಿಳಾಸವನ್ನೂ ಕೂಗಿಸಿ. ಪೆಟ್ಟಿಗೆ ತಪ್ಪದೆ ಓಗೊಟ್ಟು, ಹೊರಗಿನದು ಮಾತ್ರ ತಪ್ಪುತ್ತಿದ್ದರೆ ಲೈನಿನವರಿಗೆ ಧೈರ್ಯವಾಗಿ ಫೋನು ಮಾಡಿ. ಪೆಟ್ಟಿಗೆಯೇ ಓಗೊಡದೆ "ರಿಕ್ವೆಸ್ಟ್ ಟೈಮ್ಡ್ ಔಟ್" ಅಂತ ಬರುತ್ತಿದ್ದರೆ ಲೈನಿನವರನ್ನು ಬೈದು ಫಲವಿಲ್ಲ.

ಆ ರಾತ್ರಿ ನಮ್ಮ ಹುಡುಗಿ ಹೀಗೆ ಮಾಡಿದಾಗ ಪೆಟ್ಟಿಗೆಯೇ ಓಗೊಡಲಿಲ್ಲ. ತಮ್ಮನ ಬೈಗುಳ ವ್ಯರ್ಥವಾಗಿತ್ತು.

ಹೊರಗಿನ ದಾರಿಯ ವಿಚಾರ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಗಾಜಿನೆಳೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತದೆ. ಅದು ಕೆಂಪಾಗಿ ಮಿಣುಕಿದರೆ ಹೊರಗಿನ ಬೆಳಕು ಬರುತ್ತಿಲ್ಲ ಎಂದರ್ಥ. ಎಳೆ ಎಲ್ಲೋ ತುಂಡಾಗಿದೆ, ಇಲಿ ಕಡಿದಿದೆ, ಅಥವಾ ಬಾಗಿಲ ಸಂದಿಯಲ್ಲಿ ಸಿಕ್ಕಿ ಮಡಚಿದೆ. ಗಾಜಿನೆಳೆಯನ್ನು ಹಗ್ಗದ ಹಾಗೆ ಗಂಟು ಹಾಕಬೇಡಿ, ಮೊಳೆಗೆ ಬಿಗಿಯಬೇಡಿ. ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂ ಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣದ ಜಾತಿಯದು, ಕಣ್ಣಿಗೆ ಕೇಡು.

ಈಗ ಮನೆಯೊಳಗಿನ ದಾರಿ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ನಡೆಸಿದರಲ್ಲ, ಅದೂ ರೇಡಿಯೋ ಅಲೆಯೇ, ವೈಫೈಯೂ ಅದೇ ಕುಲ. ಆದರೆ ರೇಡಿಯೋದ ಮೀಡಿಯಂ ವೇವ್ ಅಲೆಯ ಉದ್ದ ನೂರಾರು ಮೀಟರು. ಗುಡ್ಡ, ಗೋಡೆ ಎಲ್ಲ ಬಳಸಿಕೊಂಡು ಬರುತ್ತದೆ. ವೈಫೈಯ 2.4 ಗಿಗಾಹರ್ಟ್ಸ್ ಅಲೆ ಸುಮಾರು 12 ಸೆಂಟಿಮೀಟರು, ಅಂದರೆ ಅರ್ಧ ಗೇಣು. 5 ಗಿಗಾಹರ್ಟ್ಸಿನದು ಅದರಲ್ಲೂ ಅರ್ಧ. ಇಷ್ಟು ಚಿಕ್ಕ ಅಲೆಗೆ, ಅದೂ ಅಷ್ಟು ಕಡಿಮೆ ಬಲದ್ದಕ್ಕೆ, ನಮ್ಮ ಹಳೇ ಮನೆಯ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಕಲ್ಲಿನ ಗೋಡೆ ದಾಟುವುದು ಸುಲಭವಲ್ಲ. ಕಬ್ಬಿಣ ಅಡ್ಡ ಬಂದರಂತೂ ಬಡಿದು ಹಿಂದಿರುಗುತ್ತದೆ. ನೀರು ಅಲೆಯನ್ನು ಕುಡಿಯುತ್ತದೆ. ಪೇಟೆಯ ಮನೆಗಳ ಮೈಕ್ರೋವೇವ್ ಒಲೆ ಇದೇ ಬಗೆಯ ಅಲೆಯಿಂದ ಆಹಾರದೊಳಗಿನ ನೀರನ್ನು ಬಿಸಿಮಾಡುತ್ತದೆ ಅಂದಮೇಲೆ ನೀವೇ ಊಹಿಸಿ.

ನಮ್ಮ ಮನೆಯಲ್ಲಿ ಆದದ್ದು ಇದೇ. ಹದಿನೈದು ದಿನದ ಹಿಂದೆ ಸುಣ್ಣ ಹೊಡೆಸಿದ್ದೆವು. ಗೋಡೆಯ ಮೇಲಿದ್ದ ಪೆಟ್ಟಿಗೆಯನ್ನು ಯಾರೋ ಇಳಿಸಿ, ನಡುಮನೆಯ ಕಬ್ಬಿಣದ ಬೀರುವಿನ ಹಿಂದೆ ನೆಲಕ್ಕಿಟ್ಟಿದ್ದರು. ಯಾರೋ ಏನು, ನಾನೇ. ಹುಡುಗಿ ಕೂರುವುದು ಮಹಡಿಯ ಕೋಣೆಯಲ್ಲಿ. ನಡುವೆ ಅಟ್ಟ; ಅಟ್ಟದ ತುಂಬ ಕೊಬ್ಬರಿಗೆಂದು ಆಗತಾನೆ ಏರಿಸಿದ ಕಾಯಿ. ಒಂದೊಂದು ಕಾಯಿಯೊಳಗೂ ನೀರು! ಬೀರು ದಾಟಿ, ಗೋಡೆ ದಾಟಿ, ಅಷ್ಟು ನೀರಿನ ರಾಶಿ ದಾಟಿ ಅಲೆ ಮಹಡಿ ಸೇರಬೇಕು. ಅಲ್ಲಿಗೆ ಮುಟ್ಟುವುದೇ ಅಷ್ಟಿಷ್ಟು. ಯಾರಾದರೂ ಅಡ್ಡ ನಿಂತರೆ ಅದೂ ಇಲ್ಲ. ಅದಕ್ಕೇ ಬಂದು ಬಂದು ಹೋಗುತ್ತಿತ್ತು.

ಆದ್ದರಿಂದ ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಆಳೆತ್ತರಕ್ಕೆ, ಬಯಲಾದ ಜಾಗದಲ್ಲಿ ಇಡಿ. ಟಿ.ವಿ.ಯ ಹಿಂದೆ ಬೇಡ, ಬೀರುವಿನ ಒಳಗೆ ಬೇಡ, ರಾಗಿ ಮೂಟೆಯ ಸಂದಿಯಲ್ಲಿ ಬೇಡ, ನೀರಿನ ಡ್ರಮ್ಮಿನ ಪಕ್ಕ ಬೇಡ. ಧೂಳು ಬೀಳುತ್ತದೆಂದು ತಾಯಂದಿರು ಬಟ್ಟೆ ಹೊದಿಸುವುದುಂಟು. ಅಲೆಗೆ ಅದರಿಂದ ತೊಂದರೆಯಿಲ್ಲ, ಪೆಟ್ಟಿಗೆಗೆ ಸೆಕೆಯಾಗುತ್ತದೆ. ಕಾದ ಪೆಟ್ಟಿಗೆಯೂ ನಡುನಡುವೆ ನಿಂತುಹೋಗುತ್ತದೆ.

ಇನ್ನೊಂದು ಮಾತು. ಅನೇಕ ಪೆಟ್ಟಿಗೆಗಳು ಎರಡು ಹೆಸರಿನಲ್ಲಿ ಕಾಣುತ್ತವೆ. ಒಂದರ ಕೊನೆಗೆ 5ಜಿ ಅಂತ ಇರುತ್ತದೆ. ಇದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಎಂದಷ್ಟೇ. ದೊಡ್ಡ ಅಂಕಿ ನೋಡಿ ಅದೇ ಒಳ್ಳೆಯದೆಂದು ಹುಡುಗರು ಹಿಡಿಯುತ್ತಾರೆ. ಹತ್ತಿರ ಕೂತವರಿಗೆ ಅದು ವೇಗ ನಿಜ, ಗೋಡೆ ದಾಟುವ ಶಕ್ತಿ ಕಡಿಮೆ. ದೂರದ ಕೋಣೆಗೆ 2.4ರದೇ ಸರಿ. ಆದರೆ 2.4ರದು ಸಂತೆ ಬೀದಿ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು, ಹಿರಿಯರಿಗೆ ನೆನಪಿರಬಹುದು. ಈ ಅಲೆಗೆ ಲೈಸೆನ್ಸೇ ಬೇಡ, ಹಾಗಾಗಿ ಎಲ್ಲರೂ ಅಲ್ಲೇ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಪೆಟ್ಟಿಗೆಗಳಿದ್ದರೆ, ತಿಳಿದವರ ಕೈಲಿ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಖಾಲಿಯಿರುವುದಕ್ಕೆ ಹಾಕಿಸಿ. ಒಂದರ ಮೇಲೊಂದು ಹತ್ತದಿರುವುದು ಈ ಮೂರೇ.

ಪೆಟ್ಟಿಗೆಯ ಪಕ್ಕದಲ್ಲೇ ಕೂತರೂ ಲ್ಯಾಪ್‌ಟಾಪಿನಲ್ಲಿ ಮಾತ್ರ ಹೋಗುತ್ತಿದ್ದರೆ, ಮೊಬೈಲಿಗೆ ಬರುತ್ತಿದ್ದರೆ, ಆಗ ಲ್ಯಾಪ್‌ಟಾಪನ್ನು ಅನುಮಾನಿಸಿ. ಚಾರ್ಜರ್ ಹಾಕಿದಾಗ ನೆಟ್ಟಗಿದ್ದು, ತೆಗೆದ ಕೂಡಲೆ ತೊದಲಿದರೆ, ಅದು ಬ್ಯಾಟರಿ ಉಳಿಸಲೆಂದು ತನ್ನ ವೈಫೈ ಭಾಗವನ್ನು ತೂಕಡಿಸಲು ಬಿಡುತ್ತಿದೆ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಹೆಸರು ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟದಲ್ಲಿ, ವಿದ್ಯುತ್ ಉಳಿಸಲು ಇದನ್ನು ಆರಿಸಬಹುದು ಎಂಬರ್ಥದ ಸಾಲಿನ ಮುಂದಿನ ಗುರುತು ತೆಗೆದುಹಾಕಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟ ಕಾಣುವುದಿಲ್ಲ. ಅಂಥದರಲ್ಲಿ ಉಳಿಸಿಟ್ಟ ವೈಫೈ ಹೆಸರನ್ನು ಮರೆಸಿ, ಪಾಸ್‌ವರ್ಡ್ ಕೊಟ್ಟು ಹೊಸದಾಗಿ ಸೇರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ವೈಫೈ ಡ್ರೈವರನ್ನು ಹೊಸದಾಗಿ ಹಾಕಿಸಿ. ವಿಮಾನದ ಚಿತ್ರದ ಗುಂಡಿ ತಿಳಿಯದೆ ಒತ್ತಿ ಹೋಗಿ, ಪೇಟೆಯವರೆಗೆ ಹೋಗಿ ಬಂದವರೂ ಇದ್ದಾರೆ.

ಕರೆಂಟಿನ ವಿಚಾರ ನಮ್ಮ ಹಳ್ಳಿಗೆ ಬಿಡದ ಪಾಡು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಪೆಟ್ಟಿಗೆ ಮತ್ತೆ ಎದ್ದು ಕೂರಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ವೋಲ್ಟೇಜು ತೀರಾ ಇಳಿದಾಗಲೂ ಹಾಗೆಯೇ. ಇದಕ್ಕೆಂದೇ ಅಂಗೈಯಗಲದ ಚಿಕ್ಕ ಯುಪಿಎಸ್ ಬರುತ್ತದೆ. ಕೊಳ್ಳುವ ಮುಂಚೆ ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ: ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರನ್ನು ತಂದು ಇದಕ್ಕೆ ಸಿಕ್ಕಿಸುವುದು ಬೇಡ. ಗುಡುಗು ಮಿಂಚು ಶುರುವಾಗುವ ಮೊದಲೇ ಪ್ಲಗ್ಗು ಕಿತ್ತಿಡಿ.

ಪೆಟ್ಟಿಗೆಯನ್ನು ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕುವುದು ಒಳ್ಳೆಯ ಔಷಧಿಯೇ. ಆದರೆ ಹಿಂಭಾಗದಲ್ಲಿ ಸೂಜಿ ತೂರುವಷ್ಟು ಒಂದು ತೂತು ಇರುತ್ತದೆ, ಪಕ್ಕದಲ್ಲಿ ರೀಸೆಟ್ ಅಂತ ಬರೆದಿರುತ್ತದೆ. ಅದನ್ನು ಮುಟ್ಟಬೇಡಿ. ಒಮ್ಮೆ ನಾನು ಜಾಣನ ಹಾಗೆ ಅದರೊಳಗೆ ಪಿನ್ನು ಚುಚ್ಚಿದೆ. ಲೈನಿನವರು ತುಂಬಿಸಿದ್ದ ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿಹೋಗಿ, ಅವರು ಬರುವ ತನಕ ಮೂರು ದಿನ ಮನೆಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆಯ್ಕೆ ಪಟ್ಟಿ ಏನಾಯಿತು ಅಂತ ಕೇಳುತ್ತೀರಿ. ಪಿಂಗ್ ನೋಡಿ ತಪ್ಪು ಮನೆಯೊಳಗೆಂದು ಗೊತ್ತಾದ ಮೇಲೆ, ಆ ರಾತ್ರಿ ಹೊತ್ತಿನಲ್ಲಿ ಅಟ್ಟದ ಕಾಯಿ ಇಳಿಸುವುದುಂಟೆ? ಹುಡುಗಿ ಲ್ಯಾಪ್‌ಟಾಪು ತೆಗೆದುಕೊಂಡು ಕೆಳಗಿಳಿದಳು. ಪೆಟ್ಟಿಗೆಯ ಜೊತೆ ಬಂದಿದ್ದ ಗಿಡ್ಡ ಲ್ಯಾನ್ ಕೇಬಲ್ಲು ಹಳೇ ಡಬ್ಬದಲ್ಲಿ ಸಿಕ್ಕಿತು. ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬೀರುವಿನ ಮಗ್ಗುಲಲ್ಲಿ ಚಾಪೆ ಹಾಸಿಕೊಂಡು ಕೂತಳು. ಗಾಳಿಯ ದಾರಿಯೇ ಬೇಡವಾಯಿತು. ಹತ್ತೂವರೆಯೊಳಗೆ ಪಟ್ಟಿ ತುಂಬಿ, ಒಂದು ಪ್ರತಿಯನ್ನು ಉಳಿಸಿಕೊಂಡಳು. ಈ ಕೇಬಲ್ಲಿನ ತೂತು ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿಗೆ ಸಿಕ್ಕಿಸುವ ಒಂದು ಜೋಡಣೆ ಅಂಗಡಿಯಲ್ಲಿ ಸಿಗುತ್ತದೆ. ತಾರೀಕು ಗಟ್ಟಿಯಾಗಿರುವ ಕೆಲಸವಿದ್ದ ಮನೆಯಲ್ಲಿ ಅದನ್ನೂ, ಐದಾರು ಮೀಟರು ಕೇಬಲ್ಲನ್ನೂ ಮುಂಚೆಯೇ ತಂದಿಟ್ಟುಕೊಳ್ಳಿ.

ಮಾರನೆಯ ದಿನ ತಮ್ಮ ಪೆಟ್ಟಿಗೆಯನ್ನು ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಹೊಡೆದ. ಈಗ ಕೆಳಗೂ ಬರುತ್ತದೆ, ಮೇಲೂ ಬರುತ್ತದೆ. ಕಾಯಿ ಅಟ್ಟದಲ್ಲೇ ಇದೆ.