‘ಫಬಿಯೋಲಾ’: ಕಾದಂಬರಿಯಲ್ಲಿಯೂ ತೆರೆಯ ಮೇಲೂ
(ಯುವಜನರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಬಂದಿರುವ ಯುವಜನರು ರಕ್ತಸಾಕ್ಷಿಗಳ ಕುರಿತು ಮಾತನಾಡಬೇಕೆಂದು ನಮ್ಮನ್ನು ಕೇಳಿಕೊಂಡಿದ್ದಾರೆ. ಗುರುಮಠದ ದಿನಗಳಲ್ಲಿ ನಾವು ಅತ್ಯಾಸೆಯಿಂದ ಓದಿದ ‘ಫಬಿಯೋಲಾ’ ಎಂಬ ಕಾದಂಬರಿಯ ಮೂಲಕ ಅದನ್ನು ಹೇಳಬಯಸುತ್ತೇವೆ.

ಇದನ್ನು 1854ರಲ್ಲಿ ಬರೆದವರು ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ನಿಕೊಲಾಸ್ ವೈಸ್‌ಮನ್. ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ, 303ರಲ್ಲಿ ಆರಂಭವಾದ ಘೋರ ಹಿಂಸೆಯೇ ಕಥೆಯ ಹಿನ್ನೆಲೆ. ಸಂತ ಆಗ್ನೆಸ್, ಸೆಬಾಸ್ಟಿಯನ್, ಪಂಕ್ರಾಸ್, ಪರಮಪ್ರಸಾದವನ್ನು ಎದೆಗವಚಿಕೊಂಡೇ ಪ್ರಾಣಬಿಟ್ಟ ತಾರ್ಸಿಸಿಯುಸ್ ಎಲ್ಲರೂ ಒಂದೇ ನಗರದಲ್ಲಿ, ಒಂದೇ ಕಾಲದಲ್ಲಿ ಬರುತ್ತಾರೆ. ಇತಿಹಾಸವು ಅವರನ್ನು ಇಷ್ಟು ಸಲೀಸಾಗಿ ಕೂಡಿಸುವುದಿಲ್ಲ. ತಾರ್ಸಿಸಿಯುಸನ ವಿಷಯ ನಮಗೆ ತಿಳಿದಿರುವುದು ಮುಖ್ಯವಾಗಿ ಪೋಪ್ ದಮಾಸುಸರ ಪದ್ಯದಿಂದ. ಆದರೂ, ಪೀಠಬಾಲಕರೇ, ಅವನನ್ನು ಮರೆಯಬೇಡಿರಿ.

ಈ ಕಥೆ 1918ರಲ್ಲಿ ಇಟಲಿಯಲ್ಲಿ ಮೂಕಚಿತ್ರವಾಯಿತು. 1949ರಲ್ಲಿ ಅಲೆಸ್ಸಾಂದ್ರೊ ಬ್ಲಾಸೆಟ್ಟಿಯವರು ಅದನ್ನು ಮತ್ತೆ ತೆರೆಗೆ ತಂದರು. ಮಿಷೆಲ್ ಮೋರ್ಗಾನ್ ಫಬಿಯೋಲಾ ಆದರು. ಕಾದಂಬರಿಯಲ್ಲಿ ಇಲ್ಲದ ಒಬ್ಬ ಗ್ಲಾಡಿಯೇಟರನು ಅಲ್ಲಿ ಆಕೆಯ ಪ್ರಿಯಕರ! ಪ್ರೇಮವಿಲ್ಲದೆ ಟಿಕೆಟು ಹರಿಯದೆಂಬ ನಂಬಿಕೆ ರೋಮಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಎಂದು ತೋರುತ್ತದೆ.

ನಮ್ಮ ಮನಸ್ಸಿನಲ್ಲಿ ನಿಂತಿರುವುದು ಕ್ರೀಡಾಂಗಣವಲ್ಲ, ಒಂದು ಶೃಂಗಾರದ ಕೋಣೆ. ಸಿರಿವಂತೆ ಫಬಿಯೋಲಾಳನ್ನು ದಾಸಿಯರು ಅಲಂಕರಿಸುತ್ತಿದ್ದಾರೆ. ತನಗೂ ಅಮರವಾದ ಆತ್ಮವುಂಟೆಂದು ಸಿರಾ ಎಂಬ ದಾಸಿ ವಿನಯದಿಂದ ನುಡಿಯುತ್ತಾಳೆ. ಒಡತಿ ಕೋಪದಿಂದ ಚೂರಿಯೆತ್ತಿ ಅವಳ ತೋಳನ್ನು ಇರಿಯುತ್ತಾಳೆ. ಮುಂದೊಂದು ದಿನ ಫಬಿಯೋಲಾಳ ಮೇಲೆ ಎತ್ತಿದ ಕಠಾರಿಗೆ ಅಡ್ಡಬಂದು ಆ ಪೆಟ್ಟನ್ನು ತನ್ನ ಮೈಮೇಲೆ ತೆಗೆದುಕೊಳ್ಳುವವಳೂ ಅದೇ ಸಿರಾ.

ನಮ್ಮ ದೇಶದಲ್ಲಿ ಜೀತವನ್ನು ರದ್ದುಗೊಳಿಸಿದ ಕಾಯಿದೆ 1976ರದು. ಅದಾಗಿ ಹಲವು ವರ್ಷಗಳ ಮೇಲೆ, ಕಿರಿಯ ಗುರುಗಳಾಗಿದ್ದಾಗ, ನಾವು ಒಂದು ಹಳ್ಳಿಯಲ್ಲಿ ಪೂಜೆಗೆ ಹೋಗುತ್ತಿದ್ದೆವು. ತಂದೆಯ ಸಾಲಕ್ಕಾಗಿ ದನ ಕಾಯುತ್ತಿದ್ದ ಹುಡುಗನೊಬ್ಬ ಬಾಗಿಲ ಹೊರಗೆ ನಿಂತು ಪ್ರಾರ್ಥಿಸುತ್ತಿದ್ದ. ಅವನ ಒಡೆಯರು ಮುಂದಿನ ಸಾಲಿನಲ್ಲಿ ಮೊಣಕಾಲೂರುತ್ತಿದ್ದರು. ಅಂದು ನಾವು ಕಾಡುಮೃಗದೆದುರು ಅಳುಕದೆ ನಿಂತ ಪಂಕ್ರಾಸನನ್ನು ಕುರಿತು ಸೊಗಸಾಗಿ ಉಪದೇಶ ಮಾಡಿದೆವು. ಪೂಜೆಯಾದ ಮೇಲೆ ಆ ಒಡೆಯರ ಮನೆಯಲ್ಲಿ ಊಟಕ್ಕೆ ಕುಳಿತೆವು. ಹುಡುಗನ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ಎತ್ತಲಿಲ್ಲ. ಮರುವರ್ಷ ಕೇಳಲೆಂದೇ ಹೋದಾಗ ಆ ಕುಟುಂಬವು ಊರು ಬಿಟ್ಟಿತ್ತು.

ಪುಸ್ತಕವು ನಮ್ಮ ಬಳಿ ಇದೆ. ಓದಲಿಚ್ಛಿಸುವವರು ಗುರುಮನೆಗೆ ಬಂದು ಕೇಳಿರಿ.